ಕಲಬುರಗಿಯಲ್ಲಿ ಆರ್ಟಿಕಲ್‌ಶಿಪ್: ಕಿರಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎ (ಚಾರ್ಟರ್ಡ್ ಅಕೌಂಟೆಂಟ್) ಕೋರ್ಸಿನ ಎರಡನೇ ಹಂತವಾದ ಇಂಟರ್ ಫಲಿತಾಂಶ ಬಂದ ವಾರವೆಲ್ಲ ನನ್ನ ಮೊಬೈಲ್‌ಗೆ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸಿ ಸಾಕಾಗಿ, ಎರಡು ಭಾನುವಾರ ಕುಳಿತು ಇದನ್ನು ಬರೆದಿದ್ದೇನೆ. ನಾನು ಸೇಡಂ ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ. ಮುಗಿಸಿ, ಇಂಟರ್‌ನ ಎರಡೂ ಗ್ರೂಪ್ ಪಾಸಾಗಿ, ಈಗ ಕಲಬುರಗಿಯ ಒಂದು ಸಣ್ಣ ಲೆಕ್ಕಪರಿಶೋಧನಾ ಕಚೇರಿಯಲ್ಲಿ ಎರಡನೇ ವರ್ಷದ ತರಬೇತಿಯಲ್ಲಿದ್ದೇನೆ. ಒಂದೇ ಕಚೇರಿ ಕಂಡವಳ ಮಾತು ಇದು. ಆ ಲೆಕ್ಕದಲ್ಲೇ ಓದಿಕೊಳ್ಳಿ.

ಕಾಲೇಜಿನ ಇಂಟರ್ನ್‌ಶಿಪ್ ಮತ್ತು ಆರ್ಟಿಕಲ್‌ಶಿಪ್ ಒಂದೇ ಅಲ್ಲವೇ?

ಅಲ್ಲ. ಕಾಲೇಜಿನದು ಕೆಲವು ವಾರಗಳ ಮಾತು. ವರದಿ ಬರೆದು, ಪ್ರಮಾಣಪತ್ರಕ್ಕೆ ಮೊಹರು ಹಾಕಿಸಿಕೊಂಡರೆ ಮುಗಿಯಿತು. ಆರ್ಟಿಕಲ್‌ಶಿಪ್ ಎಂದರೆ ಸಿಎ ಒಬ್ಬರ ಕೈಕೆಳಗೆ ಒಪ್ಪಂದ ಬರೆದುಕೊಟ್ಟು ಕಲಿಯುವುದು. ಮೊದಲು ಮೂರು ವರ್ಷ ಇತ್ತು. 2023ರ ಜುಲೈ 1ರಿಂದ ಎರಡು ವರ್ಷಕ್ಕೆ ಇಳಿದಿದೆ. ಅದರ ಜೊತೆಗೇ ಇನ್ನೊಂದು ಬದಲಾವಣೆಯೂ ಬಂತು: ಒಂದು ಗ್ರೂಪ್ ಪಾಸಾಗಿ ಸೇರಿಕೊಳ್ಳುವ ಕಾಲ ಹೋಯಿತು. ಈಗ ಎರಡೂ ಗ್ರೂಪ್ ಮುಗಿದಿರಬೇಕು, ಐಸಿಐಟಿಎಸ್‌ಎಸ್ ಎಂಬ ನಾಲ್ಕು ವಾರಗಳ ಕಂಪ್ಯೂಟರ್ ಮತ್ತು ಸಾಫ್ಟ್ ಸ್ಕಿಲ್ಸ್ ತರಬೇತಿಯೂ ಆಗಿರಬೇಕು. ಶೇ 55 ಅಂಕದೊಂದಿಗೆ ಬಿ.ಕಾಂ. ಮಾಡಿ ನೇರವಾಗಿ ಇಂಟರ್‌ಗೆ ಬಂದವರಿಗೂ ಇದೇ ನಿಯಮ. ಕೆಲಸಕ್ಕೆ ಸೇರಿದ 30 ದಿನಗಳೊಳಗೆ ನೋಂದಣಿಯ ಫಾರಂ 103 ಸಲ್ಲಿಕೆಯಾಗಬೇಕು. ಅದನ್ನು ಕಚೇರಿಯವರು ಮಾಡುತ್ತಾರೆ ಎಂದು ಕೈಕಟ್ಟಿ ಕೂರಬೇಡಿ. ಅದು ನಿಮ್ಮ ಎರಡು ವರ್ಷ, ಅವರದಲ್ಲ.

ಬೆಂಗಳೂರು ಬಿಟ್ಟು ಕಲಬುರಗಿ ಯಾಕೆ?

ನಿಜ ಹೇಳಬೇಕೆಂದರೆ, ದುಡ್ಡು. ಬೆಂಗಳೂರಿನಲ್ಲಿ ಸಿಗುವ ಸ್ಟೈಪೆಂಡ್ ಅಲ್ಲಿನ ರೂಮಿನ ಬಾಡಿಗೆಗೂ ಸಾಲುತ್ತಿರಲಿಲ್ಲ, ಉಳಿದದ್ದನ್ನು ಅಪ್ಪ ಕಳಿಸುವ ಸ್ಥಿತಿಯೂ ಇರಲಿಲ್ಲ. ಬೇರೆ ಘನವಾದ ಕಾರಣಗಳನ್ನು ಆಮೇಲೆ ಹುಡುಕಿಕೊಂಡೆ.

ಹುಡುಕಿದ್ದರಲ್ಲಿ ಒಂದು ಮಾತ್ರ ಗಟ್ಟಿಯಾಗಿದೆ. ದೊಡ್ಡ ಸಂಸ್ಥೆಯಲ್ಲಿರುವ ನನ್ನ ಗೆಳತಿ ಎಂಟು ತಿಂಗಳಿನಿಂದ ಒಂದೇ ಕಂಪನಿಯ ಪ್ರಯಾಣ ಭತ್ಯೆಯ ವೋಚರ್‌ಗಳಿಗೆ ಟಿಕ್ ಹಾಕುತ್ತಿದ್ದಾಳೆ. ಅಷ್ಟೇ ಅವಧಿಯಲ್ಲಿ ನಾನು ದಾಲ್ ಮಿಲ್, ಕಿರಾಣಿ ಸಗಟು ಅಂಗಡಿ, ಶಹಾಬಾದ್ ಕಲ್ಲಿನ ವ್ಯಾಪಾರಿ, ಶಿಕ್ಷಣ ಟ್ರಸ್ಟ್, ಪತ್ತಿನ ಸಹಕಾರ ಸಂಘ ಎಲ್ಲದರ ಪುಸ್ತಕ ನೋಡಿದೆ. ವೋಚರ್ ಬರೆಯುವುದರಿಂದ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಕೂಡಿಸುವವರೆಗೂ ಕೈಹಾಕಿದೆ. ಆದರೆ ಷೇರುಪೇಟೆಯಲ್ಲಿ ಇರುವ ಕಂಪನಿಯ ಆಡಿಟ್, ವಿದೇಶಿ ವಹಿವಾಟಿನ ತೆರಿಗೆ, ದೊಡ್ಡ ಕಂಪನಿಗಳ ಲೆಕ್ಕಪತ್ರ ಮಾನದಂಡಗಳಾದ ಇಂಡ್ ಎಎಸ್ ಇವೆಲ್ಲ ನನಗೆ ಪುಸ್ತಕದ ಹಾಳೆಯಲ್ಲಷ್ಟೇ ಗೊತ್ತು. ನಿಮ್ಮ ಗುರಿ ಅದೇ ಆಗಿದ್ದರೆ ಇಲ್ಲಿಗೆ ಬರಬೇಡಿ.

ಸ್ಟೈಪೆಂಡ್ ಎಷ್ಟು?

ಊರಿನ ಜನಸಂಖ್ಯೆ ನೋಡಿ ಕನಿಷ್ಠ ಮೊತ್ತ ಗೊತ್ತುಮಾಡಿದ್ದಾರೆ: 20 ಲಕ್ಷ ಮೇಲ್ಪಟ್ಟ ನಗರಗಳಿಗೆ ಒಂದು, 4ರಿಂದ 20 ಲಕ್ಷದವುಗಳಿಗೆ ಒಂದು, ಅದಕ್ಕಿಂತ ಸಣ್ಣವಕ್ಕೆ ಒಂದು. ಕಲಬುರಗಿ ನಡುವಿನ ಗುಂಪಿಗೆ ಸೇರುತ್ತದೆ. ನನಗೆ ಮೊದಲ ವರ್ಷ 4,000 ಸಿಗುತ್ತಿತ್ತು, ಈಗ 5,500. ಇದು ಸಂಬಳವಲ್ಲ ಎಂದು ಸೀನಿಯರ್ ಮೊದಲ ದಿನವೇ ಹೇಳಿದ್ದರು. ತಿಂಗಳ ಕೊನೆಯ ವಾರ ಬಂದಾಗ ಆ ಮಾತು ನೆನಪಾಗುತ್ತದೆ.

ದಿನವಿಡೀ ಏನು ಕೆಲಸ?

ನಮ್ಮ ಕಚೇರಿಯ ತಿಂಗಳಿಗೆ ಮೂವತ್ತು ದಿನಗಳಿಲ್ಲ, ನಾಲ್ಕೇ ದಿನ: 7, 11, 14, 20. ಏಳರೊಳಗೆ ಟಿಡಿಎಸ್, ಅಂದರೆ ಪಾವತಿಯಲ್ಲೇ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. ಹನ್ನೊಂದಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. ಹದಿನಾಲ್ಕಕ್ಕೆ 2ಬಿ, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. ಖರೀದಿ ಪುಸ್ತಕದಲ್ಲಿರುವ ಬಿಲ್ಲುಗಳು ಅದರಲ್ಲಿ ಇವೆಯೇ ಎಂದು ತಾಳೆ ನೋಡಬೇಕು. ಇಪ್ಪತ್ತಕ್ಕೆ ಜಿಎಸ್‌ಟಿ ಕಟ್ಟುವ 3ಬಿ. ಇವುಗಳ ನಡುವಿನ ದಿನಗಳೆಲ್ಲ ಫೋನಿನಲ್ಲಿ ಕಳೆಯುತ್ತವೆ. «ಸೇಠ್‌ಜೀ, ಮಾರ್ಚ್ ತಿಂಗಳ ಆ ಒಂದು ಬಿಲ್ಲು...» ಎಂದು ಶುರುಮಾಡಿದರೆ ಆ ಕಡೆಯಿಂದ «ನಾಳೆ ಹುಡುಗನ ಕೈಯಲ್ಲಿ ಕಳಿಸುತ್ತೇನೆ» ಎಂಬ ಉತ್ತರ. ಆ ಹುಡುಗ ಯಾರು, ಆ ನಾಳೆ ಯಾವುದು ಎಂದು ಎರಡನೇ ವರ್ಷಕ್ಕೆ ಬಂದರೂ ನನಗೆ ತಿಳಿದಿಲ್ಲ.

ಸೆಪ್ಟೆಂಬರ್ ಪೂರ್ತಿ ತೆರಿಗೆ ಆಡಿಟ್. 30ನೆಯ ತಾರೀಖು ಹತ್ತಿರ ಬಂದಂತೆ ಕಚೇರಿಯ ಚಹಾದ ಲೆಕ್ಕವೇ ಬೇರೆ ಖಾತೆಯಾಗುತ್ತದೆ. ಸೆಪ್ಟೆಂಬರ್ 17ರಂದು ಊರೆಲ್ಲ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ಹೋದರೆ ನಾವು ಕಿಟಕಿಯಿಂದ ಬ್ಯಾಂಡಿನ ಸದ್ದು ಕೇಳುತ್ತೇವೆ.

ದಾಲ್ ಮಿಲ್ ಆಡಿಟ್‌ನಲ್ಲಿ ಅಂಥದ್ದೇನಿದೆ, ಎಲ್ಲರೂ ಅದನ್ನೇ ಹೇಳುತ್ತಾರಲ್ಲ?

ಇದು ತೊಗರಿಯ ನಾಡು. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿದೆ. ಹೀಗಾಗಿ ಕಲಬುರಗಿಯಲ್ಲಿ ಆಡಿಟ್ ಕಲಿಯುವುದೆಂದರೆ ಅರ್ಧಕ್ಕರ್ಧ ತೊಗರಿಯನ್ನು ಕಲಿಯುವುದೇ.

ಮಿಲ್ಲಿನ ಪ್ರಾಣ ಇಳುವರಿಯಲ್ಲಿದೆ. ತೊಗರಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ ಒಡೆದಾಗ ಒಂದು ಕ್ವಿಂಟಲ್‌ಗೆ ಸುಮಾರು 70ರಿಂದ 75 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಸಿಪ್ಪೆ, ನುಚ್ಚು, ಚುನ್ನಿ. ಪುಸ್ತಕದಲ್ಲಿ ಇಳುವರಿ 66 ಎಂದು ಕಂಡರೆ ಮಿಕ್ಕಿದ್ದು ಎಲ್ಲಿ ಹೋಯಿತು ಎಂದು ಕೇಳಬೇಕು. ಚುನ್ನಿ ದನದ ಮೇವು, ಅದೂ ದುಡ್ಡು. ಆದರೆ ಅದರ ಮಾರಾಟ ಕಿರ್ದಿಗೆ (ದಿನದ ಲೆಕ್ಕದ ಪುಸ್ತಕಕ್ಕೆ) ಬರುವ ಮೊದಲೇ ದಾರಿ ತಪ್ಪುವುದುಂಟು. ಇನ್ನೊಂದು ಸಾಕ್ಷಿ ಕರೆಂಟ್ ಬಿಲ್ಲು. ಯಂತ್ರ ಎಷ್ಟು ಯೂನಿಟ್ ಉಂಡಿದೆ, ಎಷ್ಟು ಕ್ವಿಂಟಲ್ ಒಡೆದಿದೆ ಎಂದು ತಿಂಗಳು ತಿಂಗಳು ಪಕ್ಕಪಕ್ಕ ಬರೆಯಿರಿ. ಮನುಷ್ಯರು ಮರೆತದ್ದನ್ನು ಮೀಟರ್ ನೆನಪಿಟ್ಟಿರುತ್ತದೆ.

ತೆರಿಗೆಯ ಸೊಗಸು ಬೇರೆ. ಒಂದೇ ಯಂತ್ರದಿಂದ ಬಿದ್ದ ಒಂದೇ ಬೇಳೆ 50 ಕಿಲೋ ಚೀಲದಲ್ಲಿ ಹೋದರೆ ಜಿಎಸ್‌ಟಿ ಇಲ್ಲ. ಲೇಬಲ್ ಹಚ್ಚಿದ ಒಂದು ಕಿಲೋ ಪೊಟ್ಟಣದಲ್ಲಿ ಹೋದರೆ ಶೇ 5. 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣಗಳಿಗೆ ಈ ತೆರಿಗೆ ಇದೆ. ಇನ್ನು ನಗದು ಪಾವತಿ. ಒಬ್ಬರಿಗೆ ಒಂದು ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಲೆಕ್ಕಕ್ಕಿಲ್ಲ. ರೈತನಿಗೇ ನೇರವಾಗಿ ಕೊಟ್ಟು ಅವನ ಬೆಳೆ ಕೊಂಡರೆ ವಿನಾಯಿತಿ ಉಂಟು, ನಡುವಿನ ವ್ಯಾಪಾರಿಗೆ ಕೊಟ್ಟರೆ ಇಲ್ಲ. ಆದ್ದರಿಂದಲೇ ಕೆಲವು ಪುಸ್ತಕಗಳಲ್ಲಿ ರೈತರು ತುಂಬಾ ಇರುತ್ತಾರೆ. ಮೂರು ಎಕರೆಯ ರೈತ ಒಂದೇ ವಾರ ಇನ್ನೂರು ಕ್ವಿಂಟಲ್ ತೊಗರಿ ಮಾರಿದ್ದಾನೆ ಎಂದು ಬರೆದಿದ್ದರೆ ಅದನ್ನು ಹಿಡಿಯಲು ಯಾವ ಕಾಯ್ದೆಯ ಪುಸ್ತಕವೂ ಬೇಡ, ಹೊಲ ಕಂಡಿದ್ದರೆ ಸಾಕು.

ಗೋದಾಮಿನಲ್ಲಿ ದಾಸ್ತಾನು ಎಣಿಸುವುದು ಕಷ್ಟವೇ?

ಕಷ್ಟವಲ್ಲ, ಧೂಳು. ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿ, ಬಿಳಿ ಬಟ್ಟೆ ಹಾಕಿಕೊಂಡು ಹೋಗಬೇಡಿ.

ಒಂದು ಘಟನೆ ಹೇಳುತ್ತೇನೆ. ಕಾಳಿನ ಮಾರುಕಟ್ಟೆ ನೆಹರೂ ಗಂಜ್ ಕಡೆಯ ಒಂದು ಗೋದಾಮು. ದಾಸ್ತಾನಿನ ಆಧಾರದ ಮೇಲೆ ಬ್ಯಾಂಕ್ ಕೊಡುವ ಕ್ಯಾಷ್ ಕ್ರೆಡಿಟ್ ಸಾಲಕ್ಕಾಗಿ ಸ್ಟಾಕ್ ಆಡಿಟ್. ಬೆಂಗಳೂರಿನಲ್ಲಿ ಓದಿ ಬಂದ ನಮ್ಮ ಹೊಸ ಹುಡುಗ ಬಾಗಿಲ ಬಳಿ ನಿಂತು ಗೆರೆ ಹಾಕುತ್ತಿದ್ದ: ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಹಮಾಲರು ಒಂದೊಂದೇ ಒಟ್ಟಿಲನ್ನು ಒಡೆದು ಚೀಲ ದಾಟಿಸುತ್ತಿದ್ದರು, ಅವರ ಮುಖ್ಯಸ್ಥ ಮುಕದ್ದಮ ಕೂಗಿ ಎಣಿಸುತ್ತಿದ್ದ. ಮಧ್ಯಾಹ್ನ ಕೂಡಿ ನೋಡಿದರೆ ಮುಕದ್ದಮನ ಲೆಕ್ಕಕ್ಕೂ ಹುಡುಗನ ಲೆಕ್ಕಕ್ಕೂ ಹನ್ನೊಂದು ಚೀಲದ ವ್ಯತ್ಯಾಸ. ಒಟ್ಟಿಲುಗಳೂ ಹನ್ನೊಂದೇ. ನನಗೆ ನಗು ತಡೆಯಲಾಗಲಿಲ್ಲ. ನಮ್ಮಲ್ಲಿ ಕಾಳು ಅಳೆಯುವಾಗ «ಒಂದು» ಎನ್ನುವುದಿಲ್ಲ. «ಲಾಭ, ಎರಡು, ಮೂರು» ಎಂದು ಎಣಿಸುತ್ತಾರೆ. ಕಣದಲ್ಲಿ ಅಪ್ಪ ಎಣಿಸುವುದೂ ಹಾಗೆಯೇ. ಹುಡುಗ ಪ್ರತಿ ಸಲ «ಲಾಭ» ಎಂದಾಗ ಅದೇನೋ ದೇವರ ಹೆಸರಿರಬೇಕು ಎಂದುಕೊಂಡು ಗೌರವದಿಂದ ಸುಮ್ಮನೆ ನಿಂತಿದ್ದ, ಗೆರೆ ಹಾಕಿರಲಿಲ್ಲ.

ಕನ್ನಡ ಮಾಧ್ಯಮದವರಿಗೆ ಆಗುತ್ತದೆಯೇ?

ವರದಿ ಇಂಗ್ಲಿಷಿನಲ್ಲಿ ಬರೆಯಬೇಕು, ಅದರಿಂದ ಬಿಡುಗಡೆ ಇಲ್ಲ. ಮೊದಲ ಮೂರು ತಿಂಗಳು ಹಳೆಯ ಫೈಲುಗಳಿಂದ ವಾಕ್ಯಗಳನ್ನು ನಕಲು ಮಾಡಿಕೊಂಡೆ, ನಾಚಿಕೆಪಡಲಿಲ್ಲ. ಆದರೆ ವರದಿ ಕೊನೆಯ ನಾಲ್ಕು ಪುಟ. ಅದಕ್ಕೆ ಮೊದಲಿನ ಕೆಲಸವೆಲ್ಲ ಮಾತಿನಲ್ಲಿ ನಡೆಯುತ್ತದೆ. ಹಳೆಯ ಮುನೀಮರು ಟ್ಯಾಲಿಯ ಮುಂದೆ ಕುಳಿತರೂ ಬಾಯಲ್ಲಿ ಕಿರ್ದಿ, ಖತಾವಣಿ, ಉದರಿ, ಶಿಲ್ಕು ಎನ್ನುವ ಪದಗಳೇ. «ಆಖೈರು ಶಿಲ್ಕು ಹೊಂದುತ್ತಿಲ್ಲ» ಎಂದು ಅವರು ಗೊಣಗಿದಾಗ ಕೈಯಲ್ಲಿರುವ ನಗದಿಗೂ ಪುಸ್ತಕಕ್ಕೂ ಹೊಂದಿಕೆಯಿಲ್ಲ ಎಂದು ತಕ್ಷಣ ಹೊಳೆಯುವವರಿಗೆ ಆ ದಿನದ ಕೆಲಸ ಅರ್ಧ ಮುಗಿದಂತೆ. ದಖ್ಖನಿ ಉರ್ದು ನಾಲ್ಕು ಮಾತು ಬಂದರೆ ಇನ್ನೂ ಒಳ್ಳೆಯದು. ಮಹಾರಾಷ್ಟ್ರದ ಕಡೆಯಿಂದ ಬಂದ ವ್ಯಾಪಾರಿಯ ಮರಾಠಿ, ಚಿಂಚೋಳಿ ಗಡಿಯವರ ತೆಲುಗು ಎಲ್ಲವೂ ಒಂದೇ ಬೆಳಿಗ್ಗೆ ಕಿವಿಗೆ ಬೀಳುತ್ತವೆ.

ತಪ್ಪು ಮಾಡಿದರೆ ಬೈಯುತ್ತಾರೆಯೇ?

ಬೈಯುತ್ತಾರೆ. ಅದಕ್ಕಿಂತ ಕೆಟ್ಟದ್ದು, ನಗುತ್ತಾರೆ. ಸೇರಿದ ಎರಡನೇ ತಿಂಗಳು ನಾನು 1,840 ಚೀಲ ಬೇಳೆಯನ್ನು 1,840 ಕ್ವಿಂಟಲ್ ಎಂದು ನಮೂದಿಸಿದೆ. ಒಡೆದ ತೊಗರಿ 1,300 ಕ್ವಿಂಟಲ್. ಚೀಲ 50 ಕಿಲೋದ್ದು, ಅಂದರೆ ಬೇಳೆ 920 ಕ್ವಿಂಟಲ್ ಆಗಬೇಕಿತ್ತು. ನನ್ನ ಹಾಳೆಯಲ್ಲಿ ಇಳುವರಿ ಶೇ 141.5. ಸೀನಿಯರ್ ಕನ್ನಡಕ ತೆಗೆದು ಒರೆಸಿಕೊಂಡು, «ಇಂಥ ಮಿಲ್ ಎಲ್ಲಿದೆ ಹೇಳಮ್ಮ, ನಾನೂ ಒಂದು ಕೊಂಡುಕೊಳ್ಳುತ್ತೇನೆ» ಎಂದರು. ಈಗಲೂ ಹೊಸಬರು ಬಂದಾಗ ಈ ಕಥೆ ನನ್ನ ಎದುರಿಗೇ ಹೇಳುತ್ತಾರೆ. ಹಾಗಾಗಿ ನಾನೇ ಮೊದಲು ಹೇಳಿಬಿಡುತ್ತೇನೆ.

ರಜೆ ಎಷ್ಟು? ಓದಲು ಸಮಯ ಸಿಗುತ್ತದೆಯೇ?

ವರ್ಷಕ್ಕೆ 12 ದಿನ. ಹಿಂದಿನವರು ಪರೀಕ್ಷೆಗೆಂದು ತಿಂಗಳುಗಟ್ಟಲೆ ರಜೆ ಹಾಕುತ್ತಿದ್ದರಂತೆ. ಈಗ ಎರಡು ವರ್ಷ ಮುಗಿಸಿ ಆರು ತಿಂಗಳಾದ ಮೇಲೆಯೇ ಫೈನಲ್ ಬರೆಯುವುದರಿಂದ ಆ ದಾರಿ ಮುಚ್ಚಿದೆ. ನಾನು ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಓದುತ್ತೇನೆ. ರಾತ್ರಿ ಓದುತ್ತೇನೆ ಎನ್ನುವವರ ಪುಸ್ತಕ ಮುಖದ ಮೇಲಿರುವುದನ್ನು ಕಂಡಿದ್ದೇನೆ.

ಬೇಸಿಗೆಯಲ್ಲಿ ಬ್ಯಾಂಕ್ ಆಡಿಟ್ ಇರುತ್ತದೆಯಂತೆ, ನಿಜವೇ?

ನಿಜ, ಏಪ್ರಿಲ್ ಮೊದಲ ವಾರದಿಂದಲೇ. ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗೆ ಸರ್ಕಾರವೂ ಮಣಿಯುತ್ತದೆ. ನಮಗೆ ಆ ಭಾಗ್ಯವಿಲ್ಲ. ಅಫಜಲಪುರ, ಜೇವರ್ಗಿ, ಚಿತ್ತಾಪುರದ ಶಾಖೆಗಳಿಗೆ ಬಸ್ಸಿನಲ್ಲಿ ಹೋಗಿ, ಸಾಲದ ಕಡತ ತೆರೆದು ಕೂರುವುದು. ಸಾಮಾನ್ಯ ಸಾಲ 90 ದಿನ ಬಾಕಿ ನಿಂತರೆ ಅನುತ್ಪಾದಕ. ಅಲ್ಪಾವಧಿ ಬೆಳೆಸಾಲವಾದರೆ ಎರಡು ಹಂಗಾಮು ಕಾಯುತ್ತಾರೆ. ಹಳೆಯ ಸಾಲ ತೀರಿದ ದಿನವೇ ಅಷ್ಟೇ ಮೊತ್ತದ ಹೊಸ ಸಾಲ ಹುಟ್ಟಿದ್ದರೆ ಆ ಪುಟಕ್ಕೆ ಗುರುತು ಹಾಕಿ, ಬಾಕಿ ಮುಚ್ಚಿಡುವ ಆಟವಿರಬಹುದು. ನೀರಿನ ಬಾಟಲಿ ಎರಡು ಒಯ್ಯಿರಿ. ದಾರಿಯಲ್ಲಿ ಅರವಟ್ಟಿಗೆಗಳು ಇರುತ್ತವೆ, ಮಣ್ಣಿನ ಮಡಕೆಯ ಆ ನೀರಿನ ಮುಂದೆ ಬ್ಯಾಂಕಿನ ಎಸಿ ಏನೂ ಅಲ್ಲ.

ಎಲ್ಲಿ ಇರುವುದು, ಏನು ತಿನ್ನುವುದು?

ನಾವು ಮೂವರು ಬ್ರಹ್ಮಪುರದಲ್ಲಿ ಒಂದು ಕೋಣೆ ಹಿಡಿದಿದ್ದೇವೆ. ಮೇಲಿನ ಮಹಡಿ ಅಗ್ಗವೆಂದು ತೆಗೆದುಕೊಂಡದ್ದು ತಪ್ಪಾಯಿತು. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಹಂಚಿನ ಹಾಗೆ ಸುಡುತ್ತದೆ. ಹಳೆಯ ಕೂಲರ್ ಒಂದು ಕೊಂಡುಕೊಂಡೆವು, ಮೂವರ ಪಾಲು ಬರೆದಿಟ್ಟ ಪುಸ್ತಕವೂ ಇದೆ, ಸವಕಳಿ ಮಾತ್ರ ಹಾಕಿಲ್ಲ.

ಊಟಕ್ಕೆ ತೊಂದರೆಯಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ಸಂಜೆ ಮಿರ್ಚಿ ಭಜಿ ಮತ್ತು ಸುಸಲಾ. ಶನಿವಾರ ಸ್ಟೈಪೆಂಡ್ ಬಂದಿದ್ದರೆ ತಹರಿ ಅಥವಾ ಮಾಲ್ಪುರಿ. ಬೇರೆ ಊರಿನಿಂದ ಬಂದವರು ಮೊದಲ ವಾರ ಇಡ್ಲಿ ಹುಡುಕುತ್ತಾರೆ, ಎರಡನೇ ವಾರ ಹುಡುಕುವುದನ್ನು ಬಿಡುತ್ತಾರೆ.

ಹುಡುಗಿಯರಿಗೆ ಓಡಾಟ ಕಷ್ಟವಾಗುವುದಿಲ್ಲವೇ?

2023ರ ಜೂನ್ 11ರಿಂದ ನಮಗೆ ಸರ್ಕಾರಿ ಬಸ್ ಉಚಿತ. ಊರಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದವಳು ಈಗ ಎರಡು ಸಲ ಹೋಗುತ್ತೇನೆ. ಕಂಡಕ್ಟರ್ ಕೊಡುವ ಶೂನ್ಯ ಮೊತ್ತದ ಟಿಕೆಟನ್ನು ಕೇಳಿ ಪಡೆಯಿರಿ, ಎಸೆಯಬೇಡಿ. ನಿಗಮ ಸರ್ಕಾರದಿಂದ ಹಣ ಪಡೆಯುವುದು ಆ ಟಿಕೆಟಿನ ಲೆಕ್ಕದ ಮೇಲೆ. ಸೊನ್ನೆಯ ವೋಚರ್ ಕೂಡ ವೋಚರ್. ದಾಸ್ತಾನು ಆಡಿಟ್ ಸಂಜೆ ಏಳು ದಾಟುವಂತಿದ್ದರೆ ನಾನು ಮೊದಲೇ ಹೇಳಿ ಜೊತೆಗೊಬ್ಬರನ್ನು ಕೇಳುತ್ತೇನೆ. ಒಮ್ಮೆ ಕೇಳಲು ಸಂಕೋಚಪಟ್ಟು, ರಿಂಗ್ ರಸ್ತೆಯಲ್ಲಿ ಮುಕ್ಕಾಲು ಗಂಟೆ ಆಟೋಗಾಗಿ ನಿಂತಿದ್ದೆ. ಆಮೇಲೆ ಸಂಕೋಚ ಬಿಟ್ಟೆ.

ಕೆಲಸ ಬಿಟ್ಟರೆ ಬೇರೆ ಬದುಕು ಇದೆಯೇ?

ಇದೆ, ಆದರೆ ದಿನಾಂಕ ನೋಡಿಕೊಂಡು. 21ರಿಂದ ತಿಂಗಳ ಕೊನೆಯವರೆಗಿನ ಸಂಜೆಗಳು ನಮ್ಮವು. ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಒಂದು ಸುತ್ತು, ಗುಡಿಯಲ್ಲಿ ಹತ್ತು ನಿಮಿಷ. ಭಾನುವಾರ ಕೆಲವೊಮ್ಮೆ ಸೇಡಂ ರಸ್ತೆಯ ಬುದ್ಧ ವಿಹಾರ. ಬಿಳಿ ಗುಮ್ಮಟದ ಕೆಳಗಿನ ತಣ್ಣನೆಯ ನೆಲದಲ್ಲಿ ಕುಳಿತರೆ ಫೋನ್ ತೆಗೆಯಲು ಮನಸ್ಸಾಗುವುದಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿ ನನಗೆ ಇನ್ನೂ ಇಷ್ಟ. 1367ರದ್ದು, ಸಾಮಾನ್ಯವಾಗಿ ಮಸೀದಿಗೆ ಇರುವ ಬಯಲು ಅಂಗಳ ಇದಕ್ಕಿಲ್ಲ, ಇಡೀ ಕಟ್ಟಡಕ್ಕೆ ಮಾಡು ಉಂಟು. ಕಮಾನುಗಳ ಸಾಲಿನಲ್ಲಿ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಾಗ ಕಮಾನೊಳಗೆ ಕಮಾನು ಸಣ್ಣದಾಗುತ್ತ ಹೋಗುತ್ತದೆ. ಮೊದಲ ಸಲ ಹೋದಾಗ ನಾನು ಕಂಬಗಳನ್ನು ಎಣಿಸತೊಡಗಿದೆ. ಗೆಳತಿ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಸಂಕಟವೆಲ್ಲ ಮಾರ್ಚ್‌ನಲ್ಲಿ. ಹೋಳಿಯಾದ ಐದನೆಯ ದಿನ ಶರಣಬಸವೇಶ್ವರರ ರಥೋತ್ಸವ, ಅದೇ ತಿಂಗಳು ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಕಳೆದ ಸಲ ಸೀನಿಯರ್ ಸಂಜೆ ನಾಲ್ಕಕ್ಕೇ ಕಂಪ್ಯೂಟರ್ ಮುಚ್ಚಿಸಿ, «ತೇರು ಎಳೆಯುವವರೆಗೆ ಯಾವ ವ್ಯಾಪಾರಿಯೂ ಫೋನ್ ಎತ್ತುವುದಿಲ್ಲ, ನೀವೂ ಹೋಗಿ» ಎಂದರು. ಉತ್ತತ್ತಿ ಎಸೆಯುವ ಗುಂಪಿನಲ್ಲಿ ನಮ್ಮ ಮೂವರು ಕಕ್ಷಿದಾರರು ಸಿಕ್ಕರು. ಒಬ್ಬರು ಅಲ್ಲೇ ಜೇಬಿನಿಂದ, ಎರಡು ತಿಂಗಳಿನಿಂದ ನಾನು ಕೇಳುತ್ತಿದ್ದ ಬಿಲ್ಲು ತೆಗೆದುಕೊಟ್ಟರು.

ಕಚೇರಿಯಲ್ಲಿ ಕಂಡದ್ದನ್ನು ಹೊರಗೆ ಹೇಳಬಹುದೇ?

ಹೇಳಕೂಡದು. ಬೆಂಗಳೂರಿನಲ್ಲಿ ಇದು ಸುಲಭ, ಇಲ್ಲಿ ಕಠಿಣ. ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಅತ್ತೆ, «ಆ ಮಿಲ್ಲಿನವರಿಗೆ ಸಾಲ ಎಷ್ಟಿದೆಯಂತೆ?» ಎಂದು ಕೇಳುತ್ತಾರೆ; ಅವರ ಮಗನಿಗೆ ಆ ಮನೆಯ ಹುಡುಗಿಯನ್ನು ನೋಡಿರುತ್ತಾರೆ. ನಾನು ಹುಗ್ಗಿ ಬಾಯಿಗೆ ತುಂಬಿಕೊಳ್ಳುತ್ತೇನೆ.

ಮನೆಯವರಿಗೆ ಈ ಕೆಲಸವನ್ನು ಹೇಗೆ ವಿವರಿಸುವುದು?

ನಾನು ವಿವರಿಸಿ ಸೋತಿದ್ದೆ. ಬೇರೆಯವರ ಲೆಕ್ಕ ಸರಿಯಿದೆಯೇ ಎಂದು ನೋಡುವುದಕ್ಕೆ ನಿನಗೆ ಯಾಕೆ ದುಡ್ಡು ಕೊಡುತ್ತಾರೆ ಎಂಬುದು ಅಪ್ಪನ ಪ್ರಶ್ನೆ. ಕಳೆದ ಎಳ್ಳು ಅಮಾವಾಸ್ಯೆಗೆ ಹೋಗಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ ಉಂಡಾದ ಮೇಲೆ ಅಪ್ಪ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, «ಇದನ್ನು ನೋಡು» ಎಂದರು. ಹಿಂದಿನ ವರ್ಷ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ತೊಗರಿ ಮಾರಿದ ಪಟ್ಟಿ. ತೂಕ ಗುಣಿಸು ದರ, ಸರಿ. ಹಮಾಲಿ ಕಳೆದದ್ದು ಸರಿ. ಕೂಡಿಸುವಿಕೆ, ಕಳೆಯುವಿಕೆ ರೂಪಾಯಿಗೆ ರೂಪಾಯಿ ಸರಿ. ನಡುವೆ ಒಂದು ಸಾಲಿನಲ್ಲಿ ಬರೇ «ಕ.» ಎಂದು ಬರೆದು ಒಂದು ಮೊತ್ತ ಹಿಡಿದಿದ್ದರು.

«ಇದು ಕಮಿಷನ್. ಇದನ್ನು ಕೊಳ್ಳುವವರಿಂದ ತೆಗೆದುಕೊಳ್ಳಬೇಕು, ರೈತರಿಂದ ಹಿಡಿಯುವಂತಿಲ್ಲ» ಎಂದೆ.

«ಎಲ್ಲರಿಗೂ ಹಿಡಿಯುತ್ತಾರೆ.»

«ಎಲ್ಲರಿಗೂ ಹಿಡಿದರೂ ತಪ್ಪೇ.»

ಅಪ್ಪ ಚೀಟಿಯನ್ನು ಮತ್ತೆ ಮಡಿಚಿದರು, ಅದೇ ಗೆರೆಗಳ ಮೇಲೆ. ಸ್ವಲ್ಪ ಹೊತ್ತು ಸುಮ್ಮನಿದ್ದು, «ಮುಂದಿನ ಸಲ ಗಂಜ್‌ಗೆ ನೀನೂ ಬಾ» ಎಂದರು.

ಈ ವರ್ಷದ ರಜೆಯಲ್ಲಿ ಇನ್ನು ಮೂರು ದಿನ ಉಳಿದಿವೆ. ಒಂದು ಎಳ್ಳು ಅಮಾವಾಸ್ಯೆಗೆ, ಒಂದು ಜ್ವರಕ್ಕೆ. ಇನ್ನೊಂದನ್ನು ತೊಗರಿ ರಾಶಿಯಾಗುವವರೆಗೆ ಮುಟ್ಟುವುದಿಲ್ಲ.